ಅವಸರ ಮೀಮಾಂಸೆ: ಬಾಗಲಗುಂಟೆ ಖಂಡ

ಅವಸರದಿಂದ ಸಂಬಂಧಗಳು ಕೆಡುವ ಬಗೆಯನ್ನು ಸಿನಿಮಾಗಳ ಆಧಾರದಿಂದ ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನಕ್ಕೆ ಬೆಂಗಳೂರಿನ ಬಾಗಲಗುಂಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿಯವರು ವಿಳಾಸ ಹೇಳುವುದು ಇಂದಿಗೂ 'ಎಂಟನೇ ಮೈಲಿ ಹತ್ರ' ಎಂದೇ. ಮೈಲಿಕಲ್ಲು ಎಣಿಸುತ್ತ ನಡೆದವರ ಕಾಲದ ಹೆಸರು. ಅದನ್ನು ಬಳಸುವವರು ಮಾತ್ರ ಸಿಗ್ನಲ್ ಹಸಿರಾಗುವ ಮುಂಚೆಯೇ ಹಾರನ್ ಒತ್ತುವವರು.

ಶಾಸ್ತ್ರದ ಮೂಲಗ್ರಂಥಗಳೆರಡೂ 1972ರಲ್ಲೇ ತೆರೆ ಕಂಡವು. ಮೊದಲನೆಯದು ಪುಟ್ಟಣ್ಣ ಕಣಗಾಲರ 'ನಾಗರಹಾವು'. ರಾಮಾಚಾರಿಗೆ ಕಾಯುವುದೆಂದರೆ ಆಗಿಬರದು, ನಿಜ. ಆದರೆ ಅವಸರವೆಲ್ಲ ಅವನ ತಲೆಗೇ ಕಟ್ಟುವುದು ಅನ್ಯಾಯ. ಪ್ರೇಯಸಿ ಅಲಮೇಲುವನ್ನು ಬಿಟ್ಟುಬಿಡೆಂದು ಶಿಷ್ಯನನ್ನು ಒಪ್ಪಿಸಲು ಹೊರಟ ಚಾಮಯ್ಯ ಮೇಷ್ಟ್ರಿಗೆ ಯಾವ ರೈಲು ತಪ್ಪುತ್ತಿತ್ತು? ಇಬ್ಬರ ನಡುವೆ ತಾಳಿಕೊಂಡವರು ಮೇಷ್ಟ್ರ ಮಡದಿ ತುಂಗಾ. ಆ ಪಾತ್ರ ಮಾಡಿದ ಲೀಲಾವತಿಯವರು ಮುಂದೆ ನೆಲಮಂಗಲದ ಕಡೆ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ಬಾಳಿ, 2023ರಲ್ಲಿ ತೀರಿಕೊಂಡರು. ತೆಂಗಿನ ಸಸಿ ನೆಡುವವರಿಗೆ ಅವಸರ ಇರಲಾರದೆಂಬುದು ಪ್ರಬಂಧಕಾರನ ಊಹೆ, ಪುರಾವೆ ಕೇಳಬಾರದು.

ಎರಡನೆಯದು ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ'. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎಂದ ಮೇಲೆ ಆಗ ನೋಡುಗರಿಗೂ ತಾಳ್ಮೆ ಇತ್ತೆಂದು ಸಿದ್ಧವಾಯಿತು. ರಾಜೀವನನ್ನು ಸಹನೆಯ ಮೂರ್ತಿ ಎನ್ನುವುದು ವಾಡಿಕೆ. ಸೋದರಳಿಯನ ಒಂದು ಮಾತಿಗೆ ಮನೆ ಬಿಟ್ಟು ಹೊರಟೇಹೋದದ್ದು ಸಹನೆಯೋ, ಆತುರವೋ? "ಒಂದ್ ಲೋಟ ಮಜ್ಜಿಗೆ ಕುಡ್ದು ಸಾಯಂಕಾಲದವರ್ಗೂ ಕೂತಿದ್ರೆ ಎಲ್ಲಾ ಸರಿಹೋಗ್ತಿತ್ತು" ಎಂದು ನಮ್ಮ ದರ್ಶಿನಿಯ ಪಂಡಿತರು ನಿಂತುಕೊಂಡೇ ತೀರ್ಪು ಕೊಡುತ್ತಾರೆ. ಈ ವಾದ ರಾಜೀವನ ಪಾತ್ರ ಮಾಡಿದ ಅಣ್ಣಾವ್ರ ಅಭಿಮಾನಿಗಳ ಎದುರು ಮಂಡನೆಗೆ ಯೋಗ್ಯವಲ್ಲ.

ಇನ್ನು ಪ್ರಯೋಗ. ಎಂಇಐ ಬಡಾವಣೆಯ ಒಂದು ಮನೆ. ಭಾನುವಾರ, ಮುದ್ದೆ ಊಟವಾದ ಹೊತ್ತು. ಟಿವಿಯಲ್ಲಿ ಹೇಮಂತ್ ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಮರೆವಿನ ಕಾಯಿಲೆಯ ವೆಂಕೋಬರಾವ್ ಆಗಿ ಅನಂತನಾಗ್ ಮಾತಿಗೆ ತಡಕಾಡುತ್ತಾರೆ. ಮಗ ಶಿವನಿಗೆ ಅಪ್ಪನ ಮಾತು ಕೇಳಲು ಪುರುಸೊತ್ತಿಲ್ಲ. ಅಪ್ಪ ಕಳೆದುಹೋಗುತ್ತಾರೆ.

"ಥೂ, ಏನ್ ನಿಧಾನ ಈ ಯಪ್ಪಂದು" ಎಂದು ಯಜಮಾನರು ಹತ್ತು ಸೆಕೆಂಡು ಮುಂದಕ್ಕೆ ಒತ್ತಿದರು. ಮತ್ತೆ ಹತ್ತು. ವೆಂಕೋಬರಾವ್ ಬಾಯಿ ತೆರೆದದ್ದೊಂದು ಕಡೆ, ಮುಚ್ಚಿದ್ದು ಇನ್ನೊಂದು ಕಡೆ. ಮುದುಕಪ್ಪ ಸಿಗ್ತಾನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕೆಂಬುದು ಯಜಮಾನರ ನಿಲುವು.

"ರೀ, ಅವ್ನ ಮಗಾನೂ ಇದೇ ಮಾಡಿದ್ದು" ಎಂದರು ಮಡದಿ.

ಆ ಮಾತನ್ನೂ ದಾಟಿಸಲು ಯಜಮಾನರ ಹೆಬ್ಬೆರಳು ಗುಂಡಿ ಹುಡುಕಿತೆಂದು ಪ್ರತ್ಯಕ್ಷದರ್ಶಿಯಾದ ಮಗಳು ತಿಳಿಸುತ್ತಾಳೆ. ಸಂಜೆ ಆ ಮನೆಯಲ್ಲಿ ಕಾಫಿ ಆಗಲಿಲ್ಲ. ಮೀಮಾಂಸಕರ ಭಾಷೆಯಲ್ಲಿ ಇದಕ್ಕೆ ದೃಷ್ಟಫಲ ಎನ್ನುತ್ತಾರೆ.

ವಿಷಯದ ಕೊನೆಯ ಪ್ರಮಾಣವಾಗಿ ಯಜಮಾನರ ತಾಯಿಯನ್ನು ಮಾತನಾಡಿಸಬೇಕಿತ್ತು. ಧಾರಾವಾಹಿ ನಡೆದಿತ್ತು. "ಬ್ರೇಕ್ ಬರ್ಲಿ ಮಾತಾಡಣ, ಕೂತ್ಕಳಪ್ಪ" ಎಂದರು. ಬ್ರೇಕ್ ಬಂತು. ಅಜ್ಜಿ ಸೋಪಿನ ಜಾಹೀರಾತನ್ನು ಮೊದಲಿಂದ ಕೊನೆವರೆಗೆ ನೋಡಿ, ಆ ಹುಡುಗಿಯ ಅತ್ತೆ ಒಳ್ಳೆಯವಳೆಂದು ತೀರ್ಮಾನಿಸಿ, ಮುಂದಿನ ಜಾಹೀರಾತಿಗೆ ಕನ್ನಡಕ ಸರಿ ಮಾಡಿಕೊಂಡರು.