ಕೊಯ್ಯದ ಕತ್ತಿ

"ಕತ್ತಿ ಬೇಕಾಗೇತಿ" ಅಂದಾಗ ನಮ್ಮೂರ ಕಮ್ಮಾರನ ಮುಖ ಅರಳಿತು. "ಆದ್ರ ಅದು ಕೊಯ್ಯಬಾರದು ನೋಡು" ಅಂದೆ. ತಿದಿ ಊದುವುದು ನಿಂತಿತು.

"ಅದೆಂಥಾ ಕತ್ತಿರೀ ಮಾಸ್ತರ? ಕುಡಗೋಲ ಮೊಂಡ ಆಗೇತಿ ಅಂತ ಯಾರರ ತಿರುಗಿ ತಂದ್ರ ನಮಗ ನಾಚಿಕಿ ಆಗ್ತೈತಿ. ನೀವು ಮೊದಲ ಮೊಂಡಂದ ಬೇಡಾಕತ್ತೀರಿ!"

ತಪ್ಪು ನನ್ನದಲ್ಲ, ದೊಡ್ಡಾಟದ್ದು. ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಟಿ. ಬಿ. ಸೊಲಬಕ್ಕನವರ ದೊಡ್ಡಾಟಕ್ಕಾಗಿ ದುಡಿದ ಶಿಗ್ಗಾಂವಿ ತಾಲೂಕು ಇದು. ಹಿರೇಬೆಂಡಿಗೇರಿಯ ಹುಡುಗರಿಗೂ ಹುಕಿ ಬಂತು. ತಾಲೀಮಿಗೆ ರಟ್ಟಿನ ಕತ್ತಿ, ಮೇಲೆ ಬೇಗಡಿ ಕಾಗದ. ಎರಡನೆಯ ಏಟಿಗೇ ಅರ್ಜುನನ ಕತ್ತಿ ಬಾಡಿದ ಬಾಳೆ ಎಲೆಯಂತೆ ಜೋತುಬಿತ್ತು. "ಮಹಾರಾಜಾ, ನಿಮ್ಮ ಖಡ್ಗಕ್ಕ ನಿದ್ದಿ ಬಂದೈತಿ" ಎಂದ ಸಾರಥಿ. ನಿವೃತ್ತ ಮಾಸ್ತರನಾದ ನಾನು ಎದ್ದು, "ತಾಲೀಮಿನ ಕತ್ತಿ ನಾ ಮಾಡಿಸಿ ಕೊಡ್ತೇನಿ" ಅಂದುಬಿಟ್ಟೆ.

ಅಳತೆ ಹುಡುಕಿಕೊಂಡು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದೆ. ಅಲ್ಲಿ ದೊಡ್ಡ ವೀರಗಲ್ಲಿದೆ. ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಆತ ತಾಲೀಮು ಮಾಡಿದ್ದನ್ನು ಮಾತ್ರ ಯಾವ ಶಿಲ್ಪಿಯೂ ಕೆತ್ತಿಲ್ಲ. ಬಹುಶಃ ತಾಲೀಮು ಮಾಡಿದವರಿಗೆ ವೀರಗಲ್ಲು ಬೀಳುತ್ತಿರಲಿಲ್ಲ.

ಮೊದಲನೆಯ ಮಾದರಿಯನ್ನು ಬಡಿಗೇರ ಜಾಲಿ ಮರದಲ್ಲಿ ಕೆತ್ತಿದ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಹತ್ತಿರ ಹತ್ತಿರ 2 ಕಿಲೊ. ಅಂಗಡಿಯವ "ಕಿಲೊಕ್ಕ ಎಷ್ಟರಿ?" ಅಂದ. ಭೀಮ ಅದನ್ನು ಎತ್ತಿದ, ಇಳಿಸಲು ಮಾತ್ರ ಇಬ್ಬರು ಬೇಕಾದರು.

ಬೆಂಗಳೂರಿನ ನನ್ನ ಅಣ್ಣನ ಮಗನಿಗೆ ಯುರೋಪಿನ ಹಳೆಯ ಕತ್ತಿವರಸೆಯ ಹುಚ್ಚು. ಫೋನಿನಲ್ಲೇ ನಕ್ಕ. "ಕಾಕಾ, ಎರಡು ಕೈಲೆ ಹಿಡಿಯೋ ಖರೇ ಕತ್ತಿನೂ ಒಂದು, ಒಂದೂವರಿ ಕಿಲೊ ಅಷ್ಟ. ಎರಡುಪಟ್ಟು ಭಾರದ ಮರದ ಕತ್ತಿ ಕೊಟ್ಟು ಕಂಬಕ್ಕ ಹೊಡಸ್ತಿದ್ದವರು ರೋಮನ್ನರು. ನೀವೇನು ರೋಮಿನ ದಂಡು ಕಟ್ಟಾಕತ್ತೀರೇನು?" ಯೋಆಖಿಂ ಮೇಯರ್ ಎಂಬಾತ 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಚಿತ್ರಗಳನ್ನೂ ಕಳಿಸಿದ. ತಾಲೀಮಿನ ಕತ್ತಿಯ ಅಲಗು ಸಪೂರ, ಹಿಡಿಕೆಯ ಬಳಿ ಮಾತ್ರ ಅಗಲ. ತಿವಿದರೆ ಎದುರಿನವನ ಪಕ್ಕೆಲುಬಿನ ಬದಲು ಕತ್ತಿಯೇ ಬಗ್ಗಬೇಕು.

ಎಲ್ಲಕ್ಕಿಂತ ದೊಡ್ಡ ಗುಟ್ಟು ತೂಕದ್ದಲ್ಲ, ತೂಕ ಎಲ್ಲಿ ಕೂತಿದೆ ಎಂಬುದರದ್ದು. ಕೊಡಲಿಯ ಭಾರ ತುದಿಯಲ್ಲಿ, ಅದಕ್ಕೇ ಕಟ್ಟಿಗೆ ಸೀಳುತ್ತದೆ. ಬೀಸಿದ ಮೇಲೆ ತಡೆಯಲು ಹೋದರೆ ನಮ್ಮನ್ನೇ ಎಳೆದೊಯ್ಯುತ್ತದೆ. ಕತ್ತಿ ಹಾಗಲ್ಲ. ಬೆರಳ ಮೇಲಿಟ್ಟರೆ ಹಿಡಿಕೆಯಿಂದ ನಾಲ್ಕಾರು ಬೆರಳು ಮುಂದೆ ಸಮತೂಕ ನಿಲ್ಲಬೇಕು. ಅದಕ್ಕೇ ಹಿಡಿಕೆಯ ತುದಿಗೊಂದು ಲೋಹದ ಗುಂಡು. ನಾನು ಟ್ರ್ಯಾಕ್ಟರಿನ ಹಳೆಯ ನಟ್ಟು ಕೂಡಿಸಿದೆ. ಜಾಲಿಯ ಕತ್ತಿ ಸಮತೂಕಕ್ಕೆ ಬಂತು, 2 ಕಿಲೊ ದಾಟಿತು.

ಹೀಗಾಗಿ ಕಮ್ಮಾರನ ಬಳಿ ಬಂದದ್ದು. ಲಾರಿಯ ಕಮಾನ್ ಪಟ್ಟಿ ಕಾಯಿಸಿ, ಬಡಿದು, ಅಂಚು ದುಂಡಗೆ ಮಾಡಲು ಒಪ್ಪಿಸುವಷ್ಟರಲ್ಲಿ ನಾಲ್ಕು ಚಹಾ ಆದವು. ಎಂಟು ದಿನಕ್ಕೆ ಮನೆಗೇ ತಂದ. ಬಗ್ಗುತ್ತಿತ್ತು, ಹಗುರಿತ್ತು, ಬೆರಳ ಮೇಲೆ ನಿಂತಿತು. ಸಂತೋಷಕ್ಕೆ ಅಂಚು ಸವರಿದೆ. ಹೆಬ್ಬೆರಳಿಂದ ರಕ್ತ!

"ತಪ್ಪಾತ್ರಿ ಮಾಸ್ತರ, ಮೊಂಡ ಕೊಡಾಕ ಮನಸ್ಸ ಬರ್ಲಿಲ್ಲ. ಕೊನಿಗೆ ಒಂಚೂರ ಸಾಣಿ ಹಿಡದೆ."

ಈಗ ನನ್ನ ಹೆಂಡತಿ ಅದರಲ್ಲೇ ಎಮ್ಮೆಗೆ ಮೇವು ಕತ್ತರಿಸುತ್ತಾಳೆ. ಇಂಥ ಕತ್ತಿ ಹಿಂದೆ ಬಂದಿರಲಿಲ್ಲವಂತೆ. ಜಾಲಿಯದು ಹಿತ್ತಲ ಬಾಗಿಲಿಗೆ ಅಗುಳಿಯಾಗಿದೆ.

ಜಪಾನಿನವರು ಬಿದಿರಿನ ನಾಲ್ಕು ಸೀಳು ಜೋಡಿಸಿ, ತೊಗಲು ಬಿಗಿದು ತಾಲೀಮಿನ ಕತ್ತಿ ಮಾಡುತ್ತಾರೆ. ಅದಕ್ಕೆ ಕಮ್ಮಾರ ಬೇಕಿಲ್ಲ. ಹಾನಗಲ್ಲಿನ ಕಡೆ ಯಾರಲ್ಲಾದರೂ ಗಿಣ್ಣು ಕಡಿಮೆಯಿರುವ, ಚೆನ್ನಾಗಿ ಒಣಗಿದ ಬಿದಿರಿದ್ದರೆ ದಯವಿಟ್ಟು ತಿಳಿಸಿ. ಅರ್ಜುನ ಕಾಯುತ್ತಿದ್ದಾನೆ.