ಮೈಕ್ ಕಾಕಾ

ಅಂಕಲಗಿಯಲ್ಲಿ ಸಭೆ ಎಂದರೆ ಪೆಂಡಾಲು, ಕುರ್ಚಿ, ಹಾರ, ಶಾಲು, ಮೈಕು ಮತ್ತು ಮೈಕ್ ಕಾಕಾ. ಮೊದಲಿನ ಐದಕ್ಕೆ ಓಡಾಡಬೇಕು, ಮುಂಗಡ ಕೊಡಬೇಕು. ಆರನೆಯದು ತಾನಾಗಿಯೇ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತದೆ.

ಕಾಕಾ ಯಾರು ಎಂದು ಕೇಳಬೇಡಿ. ಒಂದೂರಿಗೆ ಅವರು ನಿವೃತ್ತ ಮಾಸ್ತರು, ಇನ್ನೊಂದೂರಿಗೆ ಸೊಸಾಯಿಟಿಯ ಮಾಜಿ ಸೆಕ್ರೆಟರಿ, ಮತ್ತೊಂದಕ್ಕೆ ವಿಮಾ ಏಜೆಂಟರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸುತ್ತಿದರೂ ಕಾಕಾ ಇಲ್ಲದ ಊರು ಸಿಗಲಿಕ್ಕಿಲ್ಲ. ಗುರುತು ಮಾತ್ರ ಒಂದೇ: ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಹಳೆಯ ಡೈರಿ. ಡೈರಿಯ ತುಂಬ ಕಥೆ.

ಕಾಕಾನ ಸಿದ್ಧಾಂತ ಸರಳ. ‘ಭಾಷಣಾ ಮಂದಿ ಮರೀತಾರ, ಕತಿ ಮರಿಯಂಗಿಲ್ಲ.’ ಮಾತು ಸುಳ್ಳಲ್ಲ. ಅವರ ಕಥೆಗಳನ್ನು ಊರು ಎಷ್ಟು ನೆನಪಿಟ್ಟಿದೆಯೆಂದರೆ, ಕಾಕಾ ‘ಒಬ್ಬ ರಾಜಾ ಇದ್ದ’ ಎಂದ ಕೂಡಲೇ ಹಿಂದಿನ ಸಾಲಿನ ಹುಡುಗರು ಆ ರಾಜನನ್ನು ಸಾಯಿಸಿ, ಮಗನಿಗೆ ಪಟ್ಟ ಕಟ್ಟಿ, ನೀತಿಯನ್ನೂ ಹೇಳಿ ಮುಗಿಸಿರುತ್ತಾರೆ.

ಸಂದರ್ಭ ಯಾವುದೇ ಇರಲಿ, ಡೈರಿಯಲ್ಲಿ ಅದಕ್ಕೊಂದು ಕಥೆ ಇದ್ದೇ ಇದೆ. ಶಾಲೆಯ ಬಹುಮಾನಕ್ಕೆ ಆಮೆ-ಮೊಲ. ಬೀಳ್ಕೊಡುಗೆಗೆ ಮುದಿ ಎತ್ತು. ರಾಜ್ಯೋತ್ಸವಕ್ಕೆ ವಿವೇಕಾನಂದರು. ಸ್ವಾಮೀಜಿ 1893ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ಸಭೆಯನ್ನು ಗೆದ್ದದ್ದು ಜಗತ್ತಿಗೆ ಗೊತ್ತು. ಅದಕ್ಕೆ ಹಿಂದಿನ ವರ್ಷ, 1892ರ ಅಕ್ಟೋಬರ್‌ನಲ್ಲಿ, ಅವರು ಬೆಳಗಾವಿಗೆ ಬಂದು ಕೆಲವು ದಿನ ಉಳಿದಿದ್ದರು ಎಂಬುದೂ ನಿಜ. ಆದರೆ ಕಾಕಾನ ಬಾಯಲ್ಲಿ ಸ್ವಾಮೀಜಿ ಪ್ರಯಾಣ ನಿಲ್ಲಿಸಿಯೇ ಇಲ್ಲ. ಮೊದಲು ಬೆಳಗಾವಿಯಿಂದ ಗೋಕಾಕ ಫಾಲ್ಸ್ ನೋಡಲು ಹೊರಟರು. ಮರುವರ್ಷ ದಾರಿಯಲ್ಲಿ ಅಂಕಲಗಿಯಲ್ಲಿ ನೀರು ಕುಡಿದರು. ಈಚೆಗೆ ‘ಸೋದರಿಯರೇ, ಸೋದರರೇ’ ಎಂಬ ಮಾತು ಹೊಳೆದದ್ದೇ ಇಲ್ಲಿ ಎಂಬ ಹಂತಕ್ಕೆ ಬಂದಿದೆ. ಇನ್ನೆರಡು ರಾಜ್ಯೋತ್ಸವ ಕಳೆದರೆ ಷಿಕಾಗೋ ಸಭೆಯೇ ನಮ್ಮ ಬಸ್ ಸ್ಟ್ಯಾಂಡಿಗೆ ಬರುವ ಲಕ್ಷಣ ಇದೆ.

ಗೋಕಾಕ ಚಳವಳಿಯ ಗತಿಯೂ ಅದೇ. ಕಾಕಾನ ಕಥೆಯಲ್ಲಿ ಅದು ಹುಟ್ಟಿದ್ದೇ ನಮ್ಮ ಗೋಕಾಕದಲ್ಲಿ. ಆ ಹೆಸರು ಬಂದದ್ದು ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರಿಂದ, ಅವರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ ಎಂದು ಕಾಲೇಜು ಹುಡುಗನೊಬ್ಬ ಎದ್ದು ನಿಂತು ಹೇಳಿದ. ಕಾಕಾ ನಕ್ಕರು. ‘ತಮ್ಮಾ, ಹುಟ್ಟೋದು ಎಲ್ಲಾರೂ ಎಲ್ಲೆರೆ ಒಂದ ಕಡೆ ಹುಟ್ಟತಾರ. ಈಗ ನಾ ಕತಿ ಹೇಳಾಕತ್ತೇನಿ, ಕುಂದರು.’

ಕಾಕಾನನ್ನು ನಿಲ್ಲಿಸಲು ಊರು ಮಾಡದ ಉಪಾಯವಿಲ್ಲ. ಟೀಚರ್ ಒಬ್ಬರ ಬೀಳ್ಕೊಡುಗೆಯಲ್ಲಿ ನಿರೂಪಕಿ ‘ದಯವಿಟ್ಟು 2 ನಿಮಿಷ’ ಎಂದು ಚೀಟಿ ಕಳಿಸಿದರು. ಹೊರಗೆ ಗೋದಿ ಹುಗ್ಗಿ ಆರುತ್ತಿತ್ತು. ಕಾಕಾ ಕನ್ನಡಕ ಏರಿಸಿ, ಚೀಟಿ ಓದಿ, ಮಡಿಚಿ, ಪೆನ್ನುಗಳ ಹಿಂದೆ ಇಟ್ಟುಕೊಂಡರು. ‘ಈ ಚೀಟಿ ನೋಡಿ ನನಗ ಇನ್ನೊಂದ ಕತಿ ನೆನಪಾತು.’ ಎರಡನೆಯ ಚೀಟಿ ಬಂತು. ಅದಕ್ಕೂ ಒಂದು ಕಥೆ ಇತ್ತು. ಮೂರನೆಯದು ಕಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಮೈಕಿನ ಹುಡುಗ ವೈರು ಕಿತ್ತ. ‘ಮೈಕ್ ಇಲ್ಲದಿದ್ರೂ ಅಡ್ಡಿಯಿಲ್ಲ, ಹಿಂದ ಕೇಳತೈತಿಲ್ರಿ?’ ಎಂದರು ಕಾಕಾ. ನಿವೃತ್ತರಾಗುತ್ತಿದ್ದ ಟೀಚರ್ ಅಂದೇ ನಿವೃತ್ತರಾದರೋ ಮರುದಿನವೋ ಎಂದು ಊರಲ್ಲಿ ಇನ್ನೂ ಚರ್ಚೆ ಇದೆ.

ಪುಣೆಯ ಕಂಪನಿಯಲ್ಲಿರುವ ಕಾಕಾನ ಅಳಿಯ ಯುಗಾದಿಗೆ ಬಂದಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ‘ಮಾಮಾ, ನಮ್ಮಲ್ಲೆ ಪ್ರೆಸೆಂಟೇಶನ್ ಮಾಡೂಮುಂದ ಕತಿ ಹೇಳ್ರಿ ಅಂತ ರೊಕ್ಕಾ ಕೊಟ್ಟ ಟ್ರೇನಿಂಗ್ ಕೊಡಸ್ತಾರ. ಒಂದ ಕತಿ, ಒಂದ ಮಾತು, ಮುಗೀತು.’ ಕಾಕಾನಿಗೆ ಕೇಳಿಸಿದ್ದು ‘ರೊಕ್ಕಾ’ ಮತ್ತು ‘ಕತಿ’ ಮಾತ್ರ. ಅಂದಿನಿಂದ ಅವರು ಪುಕ್ಕಟೆ ಮಾತಾಡುವುದು ಊರಿನ ಮೇಲಿನ ಉಪಕಾರವಾಯಿತು. ಪಂಚತಂತ್ರದ ವಿಷ್ಣುಶರ್ಮನ ಸಾಕ್ಷಿಯೂ ಸಿಕ್ಕಿತು: ಮೂವರು ದಡ್ಡ ರಾಜಕುಮಾರರನ್ನು ಬರೀ ಕಥೆ ಹೇಳಿ ಆರು ತಿಂಗಳಲ್ಲಿ ಜಾಣರನ್ನಾಗಿ ಮಾಡಿದನಲ್ಲ! ಆ ರಾಜಕುಮಾರರಿಗೆ ಎದ್ದು ಹೋಗಲು ಎಡೆ ಇರಲಿಲ್ಲ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಹಾಗೆ ನೋಡಿದರೆ ಈ ಸೀಮೆಯ ಜನ ಕಥೆಗೆ ಬೇಸರಪಡುವವರಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ಬೆಳೆದದ್ದೇ ಇಲ್ಲಿ. ಅದನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ನಮ್ಮ ಮಗ್ಗುಲಿನವರು. ಆ ಆಟದಲ್ಲಿ ಇರುವುದೇನು? ಪಾರಿಜಾತದ ಹೂ ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿಸಿಕೊಂಡಳು. ಒಂದು ಹೂ, ಇಬ್ಬರು ಹೆಂಡಿರು. ಅಷ್ಟಕ್ಕೇ ಬೆಳತನಕ ಕೂರುತ್ತಿದ್ದರು. ಭಾಗವತ ಪ್ರಶ್ನೆ ಹಾಕಿದರೆ ದೂತಿ ಅಡುಗೆಮನೆಯ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ದ್ವಾರಕೆಯ ಜಗಳ ನಮ್ಮ ಓಣಿಯದಾಗುತ್ತದೆ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಬನ್ನಿ. ಶಾಸ್ತ್ರಿಗಳು ನಾಯಕನನ್ನು ಸರಿಯಾಗಿ ಗಂಡಾಂತರದಲ್ಲಿ ನಿಲ್ಲಿಸಿ, ಗವಾಯಿಗೆ ಸನ್ನೆ ಮಾಡಿ, ‘ಮುಂದಿನದು ನಾಳೆ’ ಎಂದು ಪುಸ್ತಕ ಕಟ್ಟುತ್ತಾರೆ. ಮರುದಿನ ಜನ ಇಮ್ಮಡಿ. ಕಾಕಾ ಚಿಕ್ಕಂದಿನಿಂದ ಅದೇ ಪುರಾಣ ಕೇಳಿದವರು. ಶುರುಮಾಡುವುದನ್ನು ಅಲ್ಲೇ ಕಲಿತರು. ಪುಸ್ತಕ ಕಟ್ಟುವ ಹೊತ್ತಿಗೆ ಪ್ರಸಾದದ ಪಾಳಿಯಲ್ಲಿ ಇರುತ್ತಿದ್ದರೇನೋ.

ಒಮ್ಮೆ ಮಹಿಳಾ ಸಂಘದ ಸಭೆ. ಸಾಲದ ಕಂತು ತಪ್ಪಿಸಬೇಡಿ ಎಂದು ಹೇಳಬೇಕಿತ್ತು. ಬ್ಯಾಂಕಿನ ಸಾಹೇಬರು ಬಡ್ಡಿಯ ಲೆಕ್ಕ ಹೇಳಿದರು. ಅರ್ಧ ಹೆಣ್ಣುಮಕ್ಕಳು ಆಕಳಿಸಿದರು, ಉಳಿದರ್ಧ ಶೇಂಗಾ ಬಿಡಿಸಿದರು. ಆಮೇಲೆ ಸಂಘದ ಒಬ್ಬಾಕೆ ಎದ್ದಳು. ಮೈಕ್ ಮುಟ್ಟಲಿಲ್ಲ, ಸೆರಗು ಸರಿಮಾಡಿಕೊಂಡಳು. ‘ಹ್ವಾದ ವರ್ಷ ಸಾಲಾ ತಗದ ಎಮ್ಮಿ ತಂದ್ನಿ. ಹಾಲ ಮಾರಿ ಕಂತ ಕಟ್ಟತಿದ್ನಿ. ಚಲೋ ನಡದಿತ್ತು. ಬ್ಯಾಸಗಿ ಬಂತು. ಎಮ್ಮಿ ಬತ್ತಿತು. ಕಂತ ಬತ್ತಲಿಲ್ಲ. ಅದಕ್ಕ ಹಾಲ ಇದ್ದಾಗನ ನಾಕ ದುಡ್ಡ ತಗದ ಇಡ್ರೆವ್ವಾ.’ ಕೂತಳು. ಶೇಂಗಾ ಬಿಡಿಸುವ ಕೈಗಳು ನಿಂತಿದ್ದವು. ಸಾಹೇಬರು ತಮ್ಮ ಹಾಳೆ ಮಡಿಚಿ ಜೇಬಿಗಿಟ್ಟರು.

ಮುಂದಿನ ಸಾಲಿನಲ್ಲಿ ಕಾಕಾ ಡೈರಿ ತೆರೆದು ಸರಸರ ಬರೆದುಕೊಂಡರು.

ಸೊಸಾಯಿಟಿಯ ವಾರ್ಷಿಕ ಸಭೆಯಲ್ಲಿ ಆ ಎಮ್ಮೆ ಹೊರಬಂತು. ಈಗ ಅದು ಹರಿಯಾಣದ ಮುರ್ರಾ. ಅದನ್ನು ತರಲು ಒಬ್ಬ ಬಡವ ಕಾಲ್ನಡಿಗೆಯಲ್ಲಿ ಹೊರಟ. ದಾರಿಯಲ್ಲಿ ಘಟಪ್ರಭೆಗೆ ಮಹಾಪೂರ ಬಂತು, ಒಬ್ಬ ಸಾಧು ಸಿಕ್ಕ, ಒಬ್ಬ ರಾಜ ಅಡ್ಡಬಂದ. ಎಮ್ಮೆ ಊರು ಮುಟ್ಟುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡುವುದನ್ನೂ ಬಿಟ್ಟಿದ್ದರು. ಕೊನೆಗೆ ಎಮ್ಮೆ ಹಾಲು ಕೊಟ್ಟಿತು, ಕಾಕಾ ಕೈ ಮುಗಿದರು.

ಹಿಂದಿನಿಂದ ಅದೇ ಹೆಣ್ಣುಮಗಳು ಎದ್ದು ಕೇಳಿದಳು: ‘ಕಾಕಾರ, ಕಂತ ಏನಾತ್ರಿ?’

ಕಾಕಾ ಡೈರಿ ತಿರುವಿದರು. ಒಂದು ಹಾಳೆ, ಎರಡು ಹಾಳೆ. ಕಂತು ಎಲ್ಲಿಯೂ ಇರಲಿಲ್ಲ. ಆದರೆ ಪುರಾಣ ಕೇಳಿದ ಜೀವ, ಕೈಬಿಡಲಿಲ್ಲ. ಡೈರಿ ಮುಚ್ಚಿ, ದನಿ ತಗ್ಗಿಸಿ ಹೇಳಿದರು: ‘ಕಂತಾ? ಅದು ಮುಂದಿನ ವರ್ಷ, ತಂಗಿ.’

ಜೀವಮಾನದಲ್ಲಿ ಮೊದಲ ಸಲ ಕಾಕಾ ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದರು. ಸೊಸಾಯಿಟಿಯ ಬಾಕಿದಾರರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.