ಗಾಳದಂಡ ಮೀಮಾಂಸೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ಬರೆದಾಗ (ಬರೆದನೋ ಬರೆಸಿದನೋ, ದೊರೆಗಳ ವಿಷಯದಲ್ಲಿ ಅದನ್ನು ಕೆದಕಬಾರದು) ಅದರ ನೂರು ಅಧ್ಯಾಯಗಳಲ್ಲಿ ಮೀನು ಹಿಡಿಯುವ ವಿನೋದಕ್ಕೂ ಒಂದು ಜಾಗ ಕೊಟ್ಟ. ಮತ್ಸ್ಯವಿನೋದವೆಂಬ ಆ ಭಾಗದಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು, ಹುರುಪೆ ಇದ್ದವು, ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಎರೆ ಎಂಬುದನ್ನೂ ಹೇಳಿದ್ದಾನೆ. ಸರ್ವಜ್ಞ ಭೂಪನೆಂದು ಬಿರುದು ಪಡೆದವನಿಗೆ ತಕ್ಕ ಕೆಲಸವೇ. ಆದರೆ ಗಾಳ ಹಾಕುವವನ ಬೆನ್ನ ಹಿಂದೆ ಏನಿದೆ ಎಂಬ ಪ್ರಶ್ನೆ ಅವನಿಗೆ ಹುಟ್ಟಿರಲಾರದು. ಚಕ್ರವರ್ತಿ ನೀರಿಗೆ ಮುಖ ಮಾಡಿ ನಿಂತರೆ ಹಿಂದೆ ಓಡಾಡುವ ಧೈರ್ಯ ಯಾರಿಗಿತ್ತು? ನಮ್ಮ ಬೆನ್ನ ಹಿಂದೆ ವಾಕಿಂಗ್ ಟ್ರ್ಯಾಕ್ ಇದೆ. ಶಾಸ್ತ್ರದಲ್ಲಿ ಉಳಿದುಹೋದ ಆ ಕೊರತೆಯನ್ನು ತುಂಬುವುದಷ್ಟೇ ಈ ಪುಟ್ಟ ಗ್ರಂಥದ ಉದ್ದೇಶ.

ಮೊದಲು ಜಲವಿಚಾರ. ಬೆಂಗಳೂರಿನ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಎಂಬ ಮೂರು ಸೀಮೆಗಳಲ್ಲಿ ಹಿರಿಯರು ಹಳ್ಳ, ತೊರೆ ಎನ್ನುತ್ತಿದ್ದದ್ದು ಬಹುಪಾಲು ಈಗ ಕಾಂಕ್ರೀಟ್ ಗೋಡೆಯ ರಾಜಕಾಲುವೆ. ಪೀಣ್ಯದ ನೀರಿನ ಒಂದು ಪಾಲು ವೃಷಭಾವತಿಯ ಹೆಸರಿನಲ್ಲಿ ಅರ್ಕಾವತಿಯತ್ತ ಸಾಗುತ್ತದೆ; ಬೆಳ್ಳಂದೂರಿನದು ವರ್ತೂರು ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿದೆ. ಉರಿಯುವ ನೀರಿಗೆ ಯಾವ ಕೋಲು ಎಂಬುದು ಅಗ್ನಿಶಾಮಕ ಇಲಾಖೆಗೆ ಬಿಟ್ಟದ್ದು. ಗಾಳ ಹಾಕಲು ತಕ್ಕ ಕಿರುನೀರೆಂದು ನಾವು ಒಪ್ಪುವುದು ಮಳೆಗಾಲದ ಕೋಡಿಯನ್ನು, ಏರಿಯ ಕೆಳಗಿನ ತೂಬುಗಾಲುವೆಯನ್ನು, ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಬಂದು ಬೀಳುವ ಬಾಯಿಯನ್ನು. ಇವುಗಳಲ್ಲಿ ಕೋಡಿಯೇ ಉತ್ತಮ. ಹೊಸ ನೀರು ಹರಿದ ದಿನ ಮೀನು ಹರಿವಿಗೆ ಎದುರಾಗಿ ಬರುತ್ತದೆ; ಗಾಳದವರೂ ಬರುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ಆಗಿನ ರಸ್ತೆಯೂ ಕಿರುನೀರೇ ಎಂದು ಕೆಲವರ ವಾದ. ನೀರು ನಿಂತಿತ್ತೇ ಹೊರತು ಹರಿಯುತ್ತಿರಲಿಲ್ಲವಾದ್ದರಿಂದ ಅದನ್ನು ಒಪ್ಪಲಾಗದು.

ಕಾವೇರಿ, ಕಬಿನಿಗಳು ಈ ಗ್ರಂಥದ ಹೊರಗೆ. ಮೈಸೂರಿನ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಎಳೆದ 120 ಪೌಂಡಿನ ಮಹಶೀರ್ ಮಹಾಕಾವ್ಯದ ವಸ್ತು, ನಮ್ಮದು ಚುಟುಕ. ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದರ ತಂಟೆಗೆ ಹೋಗದಿರುವುದೇ ಮೇಲು. ನಮ್ಮ ಮೀನು ಜಿಲೇಬಿ. ಆಫ್ರಿಕಾದಿಂದ ಹೊರಟು 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾವನ್ನು ಬೆಂಗಳೂರಿನ ಮೀನಂಗಡಿ ಆ ಹೆಸರಿನಿಂದ ಒಕ್ಕಲು ಮಾಡಿಕೊಂಡಿತು. ಗಂಡು ಅಂಚಿನ ಕೆಸರಲ್ಲಿ ಬಟ್ಟಲಿನಂಥ ಗುಳಿ ತೋಡಿ ಕಾವಲು ನಿಲ್ಲುತ್ತದೆ; ಹೆಣ್ಣು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸವಿರುತ್ತದೆ. ಹೆಣ್ಣಿಗೆ ಗಾಳ ಹಾಕಿ ಪ್ರಯೋಜನವಿಲ್ಲ, ಗಂಡು ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತದೆ. ಹಿಡಿದದ್ದನ್ನು ತಿನ್ನಬಹುದೇ? ಕೈಗಾರಿಕಾ ಪ್ರದೇಶದ ಕಾಲುವೆಯ ವಾಸನೆ ಕುಡಿದವರು ಈ ಪ್ರಶ್ನೆ ಕೇಳುವುದಿಲ್ಲ.

ಇನ್ನು ದಂಡವಿಚಾರ. ಕಿರುತೊರೆಗೆ ಪರದೇಶದವರು ಒಯ್ಯುವುದು ಫ್ಲೈ ರಾಡ್. ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲೇ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ದಪ್ಪ ಪುಸ್ತಕವನ್ನು ಅಚ್ಚು ಹಾಕಿಸಿದ್ದ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ತಂಗೂಸಿಯನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ಕೊಕ್ಕೆಗೆ ಸುತ್ತಿದ್ದು ಗರಿ ಮತ್ತು ನೂಲು, ಅದಕ್ಕೆ ತೂಕವೇ ಇಲ್ಲ. ತೂಕವಿರುವುದು ದಪ್ಪನೆಯ ದಾರಕ್ಕೆ. ಆದ್ದರಿಂದ ಕೋಲಿನ ಮೇಲೆ ಬರೆದ ಅಂಕಿ ಕೋಲಿನ ತೂಕವಲ್ಲ, ಅದು ಹೊರಬಲ್ಲ ದಾರದ್ದು. 3 ಎಂದಿದ್ದರೆ ದಾರದ ಮೊದಲ 30 ಅಡಿ 100 ಗ್ರೇನ್, ಅಂದರೆ ಆರೂವರೆ ಗ್ರಾಂ. 5 ಎಂದಿದ್ದರೆ 140 ಗ್ರೇನ್, ಒಂಬತ್ತು ಗ್ರಾಂ. ಕಿರುತೊರೆಗೆ ಏಳಡಿಯ 3ನೇ ನಂಬರು ಸಾಕೆಂದು ಬಲ್ಲವರ ಮತ. ನಮ್ಮವರು ಮಾತ್ರ ಒಂಬತ್ತಡಿಯ 5ನೇ ನಂಬರನ್ನೇ ಆನ್‌ಲೈನಿನಲ್ಲಿ ತರಿಸುತ್ತಾರೆ, ಆಫರ್ ಇರುತ್ತದೆಂದು.

ಆ ದಾರ ಮುಂದೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಹಾರಿ, ಬೆನ್ನ ಹಿಂದೆ ನೆಟ್ಟಗೆ ಬಿಚ್ಚಿಕೊಳ್ಳಬೇಕು. ಮುಂದೆ 30 ಅಡಿ ಬೇಕಿದ್ದರೆ ಹಿಂದೆಯೂ ಹೆಚ್ಚು ಕಮ್ಮಿ ಅಷ್ಟೇ. ಕೋಲಿನ ಉದ್ದವನ್ನೂ ಸೇರಿಸಿದರೆ ಒಂದು ಥರ್ಟಿ-ಫಾರ್ಟಿ ಸೈಟು, ಅದೂ ಖಾಲಿ ಸೈಟು, ಬೆನ್ನ ಹಿಂದೆ ಇರಬೇಕಾಯಿತು. ವೈಟ್‌ಫೀಲ್ಡಿನಲ್ಲಿ ಅಂಥ ಸೈಟಿರುವವನು ಮೀನು ಹಿಡಿಯಲು ಏಕೆ ಬರುತ್ತಾನೆ? ಹೀಗಾಗಿ ನಮ್ಮ ಸೂತ್ರ: ಪೃಷ್ಠಂ ದೃಷ್ಟ್ವಾ ದಂಡಃ. ಹಿಂಬದಿ ನೋಡಿ ಕೋಲು ಆರಿಸು.

ಹಿಂಬದಿಯ ಭೇದಗಳು ಹೀಗೆ. ಮುಕ್ತಪೃಷ್ಠ: ಹಿಂದೆ ಏನೂ ಇಲ್ಲ. ಆನೇಕಲ್, ಹೊಸಕೋಟೆ ಕಡೆ ಲೇಔಟಿಗೆಂದು ಮಟ್ಟ ಮಾಡಿ ಕಲ್ಲು ನೆಟ್ಟು ಬಿಟ್ಟ ಜಮೀನುಗಳ ಅಂಚಿನಲ್ಲಿ ಇನ್ನೂ ಸಿಗುತ್ತದೆ. ಮನೆ ಏಳುವವರೆಗೆ ಮಾತ್ರ. ಜಾಲಪೃಷ್ಠ: ಅಭಿವೃದ್ಧಿಗೊಂಡ ಕೆರೆಯ ಸುತ್ತಲಿನ ತಂತಿಬಲೆ ಬೇಲಿ. ಮೀನನ್ನು ಬಲೆಗೆ ಕೆಡವುವುದು ಕೇಳಿದ್ದೇವೆ, ಇಲ್ಲಿ ಬಲೆಯೇ ಕೊಕ್ಕೆಯನ್ನು ಹಿಡಿಯುತ್ತದೆ. ಮೂರನೆಯದಾದ ಜನಪೃಷ್ಠವೇ ನಮ್ಮ ಸೀಮೆಯ ವಿಶೇಷ, ಇದಕ್ಕೆ ಉಪಭೇದಗಳುಂಟು. ಬೆಳಗಿನ ಜನಪೃಷ್ಠದಲ್ಲಿ ಬಿರುಸು ನಡಿಗೆಯವರು ಬರುತ್ತಾರೆ. ಕಿವಿಯಲ್ಲಿ ಇಯರ್‌ಫೋನ್, ಎಚ್ಚರಿಕೆಯ ಕೂಗು ಕೇಳಿಸದು. ಸಂಜೆಯದರಲ್ಲಿ ನಾಯಿಗಳು, ನಾಯಿಗೆ ಇಂಗ್ಲಿಷಿನಲ್ಲೇ ಗದರುವವರು. ಭಾನುವಾರದ್ದು ಎರಡರ ಮಿಶ್ರಣ, ಜೊತೆಗೆ ಕೆರೆ ಶುಚಿ ಮಾಡುವ ಸ್ವಯಂಸೇವಕರು. ನಾಲ್ಕನೆಯದು ಕಾವಲುಪೃಷ್ಠ.

“ಸಾರ್, ಇಲ್ಲಿ ಗಾಳ ಹಾಕಂಗಿಲ್ಲ. ಬೋರ್ಡ್ ನೋಡಿಲ್ವಾ?”

“ಹಿಡಿದು ಮತ್ತೆ ಬಿಟ್ಟುಬಿಡ್ತೀನಪ್ಪ.”

“ಬಿಡೋದಾದ್ರೆ ಹಿಡಿಯೋದ್ಯಾಕೆ ಸಾರ್?”

ಇದಕ್ಕೆ ಥಾಮಸನ ದಪ್ಪ ಪುಸ್ತಕದಲ್ಲೂ ಉತ್ತರ ಸಿಗಲಾರದು. ಕೆರೆಯ ಮೀನು ಟೆಂಡರಿನಲ್ಲಿ ಗುತ್ತಿಗೆ ಹೋಗಿದ್ದರೆ ಗುತ್ತಿಗೆದಾರನ ಕಡೆಯವರನ್ನು ಮೊದಲೇ ಮಾತಾಡಿಸಿಕೊಳ್ಳುವುದು ಕೋಲು ಆರಿಸುವುದಕ್ಕಿಂತ ಮುಖ್ಯ. ಹಿಂದೆ ಏನಿದ್ದರೂ ತಲೆಯ ಮೇಲೆ ಹೈಟೆನ್ಷನ್ ತಂತಿ ಇದ್ದರೆ ಅದು ತಂತಿಶಿರ, ಪೀಣ್ಯದ ಕಡೆ ಬಹಳ. ಇಲ್ಲಿ ಹಾಸ್ಯ ಬೇಡ: ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಒದ್ದೆ ಬಿದಿರೂ ನಂಬಿಕೆಗೆ ಅರ್ಹವಲ್ಲ. ತಂತಿಯ ಕೆಳಗೆ ಯಾವ ಕೋಲನ್ನೂ ಎತ್ತಬೇಡಿ.

ಕೋಲುಗಳನ್ನು ಆಲಂಕಾರಿಕರ ನಾಯಕಭೇದದಂತೆ ವಿಂಗಡಿಸಬಹುದು. ಕಾರ್ಬನ್ ಕೋಲು ಧೀರೋದ್ಧತ: ಬಿರುಸು, ದೂರ ಎಸೆಯುತ್ತದೆ, ಕಾರಿನ ಬಾಗಿಲಿಗೆ ಸಿಕ್ಕರೆ ಲಟಕ್ಕನೆ ಮುರಿಯುತ್ತದೆ. ಫೈಬರ್ ಗ್ಲಾಸಿನದು ಧೀರಲಲಿತ: ಹಿಡಿಯವರೆಗೂ ಬಳುಕುತ್ತದೆ, ಅಂಗೈಯಷ್ಟು ಜಿಲೇಬಿಯನ್ನೂ ತಿಮಿಂಗಿಲವೆಂದು ನಂಬಿಸುತ್ತದೆ. ಚೀನಾದ ಟೊಂಕಿನ್ ಬಿದಿರನ್ನು ಆರು ಸೀಳು ಮಾಡಿ ಅಂಟಿಸಿದ ಷಟ್ಕೋನದ ಕೋಲು ಧೀರೋದಾತ್ತ. ಬೆಲೆ ಕೇಳಿದ ಮೇಲೆ ಅದನ್ನು ಗೋಡೆಗೆ ತೂಗುಹಾಕುವುದೇ ಸರಿ ಅನ್ನಿಸುತ್ತದೆ. ಧೀರಶಾಂತ ಯಾವುದೆಂದರೆ ನಮ್ಮ ಕಿರುಬಿದಿರು. ಒಳಗೆ ಟೊಳ್ಳು ಕಡಿಮೆ, ಬಹುತೇಕ ಗಟ್ಟಿ. ಲಾಠಿಗೂ ಇದೇ ಜಾತಿ ಒದಗುತ್ತದೆ. ಹತ್ತು ಹನ್ನೆರಡು ಅಡಿ, ತುದಿಗೆ ಅಷ್ಟೇ ಉದ್ದದ ತಂಗೂಸಿ, ರೀಲಿಲ್ಲ, ಬೆಂಡಿಗೆ ಹಳೇ ಹವಾಯಿ ಚಪ್ಪಲಿಯ ತುಂಡು. ಇದಕ್ಕೆ ಹಿಂಬದಿಯೇ ಬೇಕಿಲ್ಲ, ಮುಂದಕ್ಕೆ ಚಾಚಿ ಇಳಿಬಿಟ್ಟರೆ ಮುಗಿಯಿತು. ಜಪಾನಿನವರು ಬೆಟ್ಟದ ತೊರೆಗಳಲ್ಲಿ ರೀಲಿಲ್ಲದ ಇಂಥದೇ ಕೋಲಿನಿಂದ ಫ್ಲೈ ಹಾಕುವುದನ್ನು ಟೆಂಕಾರಾ ಎನ್ನುತ್ತಾರೆ. ಆ ಹೆಸರು ಅಂಟಿಸಿದರೆ ನಮ್ಮ ಕೋಲಿಗೂ ನಾಲ್ಕಂಕಿಯ ಬೆಲೆ ಬಂದೀತು.

ಪೂರ್ವಪಕ್ಷ: ರೋಲ್ ಕಾಸ್ಟ್ ಕಲಿತರೆ ದಾರವನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲೇ ಸುರುಳಿಯಾಗಿ ಉರುಳಿಸಬಹುದಲ್ಲ? ಹೌದು, ಉರುಳಿಸಬಹುದು. ಆದರೆ ಅದಕ್ಕೆ ದಾರವನ್ನು ಹಿಡಿದು ನಿಲ್ಲಿಸುವ ತೆರೆದ ನೀರು ಮುಂದೆ ಬೇಕು. ಅಂತರಗಂಗೆ ಹೊದ್ದ ಕೆರೆಯಲ್ಲಿ ದಾರ ಎಲೆಯ ಮೇಲೆ ಮಲಗುತ್ತದೆ, ಏಳುವುದಿಲ್ಲ. ಎಲೆಗಳ ನಡುವಿನ ತಟ್ಟೆಯಗಲದ ಸಂದಿಗೆ ಮೇಲಿಂದ ನೆಟ್ಟಗೆ ಇಳಿಬಿಡಲು ಬಿದಿರೇ ಗತಿ.

ಆ ಬಿದಿರಿನಲ್ಲೂ ಸಂಸ್ಕಾರವುಂಟು. ಪೀಣ್ಯದ ಲೇತ್ ಕೆಲಸಗಾರರೊಬ್ಬರ ಕೋಲು ಎರಡು ತುಂಡಿನದು, ಬಸ್ಸಿನಲ್ಲಿ ತರಬೇಕಲ್ಲ. ಜೋಡಣೆಗೆ ಗುಜರಿಯ ಹಿತ್ತಾಳೆ ಕೊಳವೆಯನ್ನು ಅವರೇ ಲೇತಿಗೆ ಹಾಕಿ, ಕೂದಲೆಳೆಯಷ್ಟೂ ಸಡಿಲವಿಲ್ಲದಂತೆ ಕಡೆದಿದ್ದರು. ಮೂಗಿನ ಪಕ್ಕದ ಜಿಡ್ಡನ್ನು ಬೆರಳಲ್ಲಿ ಸವರಿ, ಸೇರಿಸಿ, ತಿರುವಿ ಎಳೆದರೆ “ಟಪ್” ಎಂದು ಸದ್ದು. ಪರದೇಶದ ದುಬಾರಿ ಬಿದಿರು ಕೋಲುಗಳ ಹೆಚ್ಚುಗಾರಿಕೆಗೂ ಇದೇ ಸದ್ದು ಸಾಕ್ಷಿ. “ಮೈಕ್ರಾನ್ ಲೆಕ್ಕ ಸಾರ್,” ಎಂದರು, “ಕಂಪನಿಗೆ ಮಾಡಿದ್ರೆ ರಿಜೆಕ್ಟ್ ಮಾಡ್ತಾರೆ, ಮೀನು ಮಾಡಲ್ಲ.” ಕೊಕ್ಕೆಗೆ ಒಮ್ಮೊಮ್ಮೆ ಕೆಂಪು ಹೊಲಿಗೆ ನೂಲನ್ನಷ್ಟೇ ಸುತ್ತುತ್ತಾರೆ. ಆಮ್ಲಜನಕ ಕಡಿಮೆಯಿರುವ ಕೆಸರಲ್ಲಿ ಬದುಕುವ ಸಣ್ಣ ಸೊಳ್ಳೆಯಂಥ ಹುಳದ ಮರಿಗೆ ಮೈಯೆಲ್ಲ ಹಿಮೋಗ್ಲೋಬಿನ್, ಅದಕ್ಕೇ ಕೆಂಪು. ಜಿಲೇಬಿಗೆ ಅದು ಪರಿಚಿತ ಆಹಾರ, ಕೆಂಪು ನೂಲು ಅದರಂತೆಯೇ ಕಾಣುತ್ತದೆ. ಅವರು ಫ್ಲೈ ಕಟ್ಟುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ.

ಸಿದ್ಧಾಂತ: ಮುಕ್ತಪೃಷ್ಠದಲ್ಲಿ ಗ್ಲಾಸಿನ ಏಳಡಿ, 3ನೇ ನಂಬರು. ಜಾಲ, ಜನ, ಕಾವಲುಗಳಲ್ಲಿ ಕಿರುಬಿದಿರು. ತಂತಿಶಿರದಲ್ಲಿ ಮನೆಗೆ ವಾಪಸು. ಕಾರ್ಬನ್ ಈಗಾಗಲೇ ಕೊಂಡಾಗಿದ್ದರೆ ರಜೆ ಹಾಕಿ ಬೇರೆ ಊರಿಗೆ ಹೋಗಿ.

ಒಂದು ಆಕ್ಷೇಪ ಉಳಿಯಿತು. ಕೋಡಿಯಲ್ಲಿ ಕೋಲೇ ಇಲ್ಲದ ಹುಡುಗನೊಬ್ಬ ಖಾಲಿ ನೀರಿನ ಬಾಟಲಿಗೆ ತಂಗೂಸಿ ಸುತ್ತಿಕೊಂಡು, ಮೈದಾ ಉಂಡೆ ಕಟ್ಟಿ, ಕೈಯಲ್ಲೇ ಬೀಸಿ ಎಲ್ಲರಿಗಿಂತ ಹೆಚ್ಚು ಜಿಲೇಬಿ ಎಳೆಯುತ್ತಾನೆ. ಬಾಟಲಿಯನ್ನು ದಂಡವೆಂದು ಎಣಿಸಬೇಕೇ, ಎಣಿಸಿದರೆ ಯಾವ ನಾಯಕ, ಅದಕ್ಕೆ ಹಿಂಬದಿ ಎಷ್ಟು ಎಂಬಿತ್ಯಾದಿಗಳನ್ನು ಗ್ರಂಥವಿಸ್ತರಭಯದಿಂದ ಇಲ್ಲಿ ಕೈಬಿಡಲಾಗಿದೆ.